ಎದೆಯ ಮೇಲೆ ಕನ್ನಡ, ಕೊರಳಪಟ್ಟಿಯೊಳಗೆ ಇಂಗ್ಲಿಷು!

ರಾಜ್ಯೋತ್ಸವಕ್ಕೆ ಇನ್ನೂ ಹತ್ತು ದಿನ ಇತ್ತು. ಘಾಟಬೋರಾಳದ ನಮ್ಮ ಪ್ರೆಸ್ಸಿಗೆ ಐದಾರು ಹುಡುಗರು ಕರಪತ್ರ ಅಚ್ಚು ಹಾಕಿಸಲು ಬಂದರು. ಎಲ್ಲರ ಮೈಮೇಲೂ ಹಳದಿ ಟೀ ಶರ್ಟು, ಎದೆಯ ಮೇಲೆ ದಪ್ಪಕ್ಷರದ ಕನ್ನಡ ಘೋಷಣೆ, ಹೆಗಲ ಮೇಲೆ ಹಳದಿ-ಕೆಂಪು ಶಲ್ಯ. ನೋಡಿ ಎದೆ ತುಂಬಿ ಬಂತು. ಪ್ರೂಫ್ ತಿದ್ದಲು ಒಬ್ಬ ಬಗ್ಗಿದಾಗ ಅವನ ಕೊರಳ ಹಿಂದಿನ ಲೇಬಲ್ ಹೊರಗೆ ಬಿತ್ತು. ಪಕ್ಕದವನಿಗೆ, "ತಮ್ಮಾ, ಅದರಾಗ ಏನ್ ಬರದಾರ ಓದು" ಅಂದೆ.

ಓದಿದ. ಯಾವ ನೂಲು, ಹೇಗೆ ಒಗೆಯಬೇಕು, ಇಸ್ತ್ರಿ ಮಾಡಬೇಕೋ ಬೇಡವೋ, ಎಲ್ಲವೂ ಇಂಗ್ಲಿಷು. ನೂರಕ್ಕೆ ನೂರು ಪಾಲಿಯೆಸ್ಟರ್. "ಇದನ್ನ ನೇಯ್ದವರು ಯಾರು? ಹೊಲಿದವರು ಯಾರು?" ಎಂದೆ. ಗೊತ್ತಿಲ್ಲ. ಎಷ್ಟಕ್ಕೆ ತಂದೆವು ಎಂಬುದು ಮಾತ್ರ ಗೊತ್ತಿತ್ತು.

ಹುಡುಗರ ತಪ್ಪಲ್ಲ. ನಮ್ಮೆಲ್ಲರ ಹೋರಾಟವೇ ಹಾಗೆ ಸಾಗಿದೆ. ಅಂಗಡಿಯ ಬೋರ್ಡಿನಲ್ಲಿ ಕನ್ನಡ ಕೇಳಿದೆವು. ಬಡಿದಾಡಿದೆವು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಬಂತು. 2024ರಲ್ಲಿ ಅದಕ್ಕೆ ತಿದ್ದುಪಡಿಯಾಗಿ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಲೇಬೇಕೆಂದಾಯಿತು. ಸಂತೋಷ. ಆದರೆ ಬೋರ್ಡು ದಾಟಿ ಒಳಗೆ ಕಾಲಿಟ್ಟರೆ ಏನಿದೆ? ಬಿಲ್ಲಿನಲ್ಲಿ ಕನ್ನಡವಿಲ್ಲ, ಬಟ್ಟೆಯ ಚೀಟಿಯಲ್ಲಿ ಕನ್ನಡವಿಲ್ಲ, ಹೊಲಿಗೆ ಯಂತ್ರದ ಜೊತೆ ಬರುವ ಪುಸ್ತಿಕೆಯಲ್ಲಿ ಕನ್ನಡವಿಲ್ಲ. ಹೊಸ್ತಿಲ ಮೇಲೆ ರಂಗೋಲಿ ಹಾಕಿಸಿಕೊಂಡು ಅಡಿಗೆಮನೆಯನ್ನು ಬಿಟ್ಟುಕೊಟ್ಟ ಹಾಗಾಗಿದೆ ನಮ್ಮ ಕತೆ.

ಎರಡು 'ಎಸ್' ಮಾಡಿದ ಅನಾಹುತ

ನಾನು ಅಚ್ಚಿನವನು, ಹೊಲಿಗೆಯವನಲ್ಲ. ಆದರೆ ಸುತ್ತಲಿನ ಊರುಗಳ ಟೇಲರುಗಳು ಬಿಲ್ ಬುಕ್ಕಿಗೆ, ಅಳತೆ ಪುಸ್ತಕಕ್ಕೆ ನನ್ನಲ್ಲಿಗೇ ಬರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ: "ಅಣ್ಣಾ, ಇಂಗ್ಲೀಷಿನಾಗ ಹಾಕ್ರಿ, ಚಂದ ಕಾಣ್ತದ." ಬಹಳ ವರ್ಷ ನಾನೂ ಹಾಗೆಯೇ ಹಾಕಿಕೊಟ್ಟೆ. ಗಿರಾಕಿ ಕೇಳಿದ್ದು ಕೊಡುವುದು ವ್ಯಾಪಾರ.

ಒಂದು ಮದುವೆ ಕಾಲದಲ್ಲಿ ಅಂಥ ಒಬ್ಬ ಟೇಲರ್ ತಲೆ ಮೇಲೆ ಕೈ ಹೊತ್ತುಕೊಂಡು ಬಂದ. ಅವನ ಪುಸ್ತಕದಲ್ಲಿ ಶೋಲ್ಡರ್‌ಗೂ 'ಎಸ್', ಸ್ಲೀವ್‌ಗೂ 'ಎಸ್'. ಅವನಿಗೆ ರೂಢಿಯಿಂದ ಗೊತ್ತು, ಯಾವುದು ಯಾವುದೆಂದು. ಕತ್ತರಿ ಹಿಡಿದವನು ಅವನ ಕೈಕೆಳಗಿನ ಹುಡುಗ. ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಭುಜದ ಅಳತೆಯನ್ನು ತೋಳಿಗೆ ಹಿಡಿದು ಕತ್ತರಿಸಿಬಿಟ್ಟಿದ್ದ. ಮದುಮಗನ ಅಂಗಿಯ ಬಟ್ಟೆ. ಅದೇ ಥಾನಿನ ಬಟ್ಟೆ ಮತ್ತೆ ಸಿಗಲಿಲ್ಲ. ಟೇಲರ್ ಕೈಯಿಂದ ದುಡ್ಡು ಕಟ್ಟಿದ, ಹುಡುಗ ಕೆಲಸ ಕಳೆದುಕೊಂಡ.

ಆ ಹುಡುಗನದೇನು ತಪ್ಪು? ಅವನಿಗೆ ಕೆಲಸ ಬರುತ್ತಿತ್ತು, ಆ ಅಕ್ಷರ ಬರುತ್ತಿರಲಿಲ್ಲ. ಇನ್ನೊಂದು ಮಾತು. ಆ ಪುಸ್ತಕ ಅಚ್ಚು ಹಾಕಿದವನು ನಾನೇ. ಆವತ್ತು ರಾತ್ರಿ ಊಟ ಸೇರಲಿಲ್ಲ.

ಮರುವಾರ ಅದೇ ಟೇಲರಿಗೆ ಕನ್ನಡದಲ್ಲಿ ಅಳತೆ ಪುಸ್ತಕ ಮಾಡಿಕೊಟ್ಟೆ. ಉದ್ದ, ಎದೆ, ಸೊಂಟ, ಭುಜ, ತೋಳು, ಕೊರಳು. ಮೊದಲಕ್ಷರ ನೋಡಿ: ಉ, ಎ, ಸೊ, ಭು, ತೋ, ಕೊ. ಒಂದಕ್ಕೊಂದು ಗೊಂದಲವೇ ಇಲ್ಲ! ಬೇರೆ ಹುಡುಗ ಬಂದ, ಎರಡೇ ದಿನದಲ್ಲಿ ಪುಸ್ತಕ ಓದಿ ಕತ್ತರಿಸಲು ಕಲಿತ. ಕನ್ನಡ ಅಂದರೆ ಬರೀ ಭಾವನೆ ಎನ್ನುವವರಿಗೆ ನಾನು ಈ ಪುಸ್ತಕ ತೋರಿಸುತ್ತೇನೆ. ಇದು ಭಾವನೆಯಲ್ಲ, ಎರಡೂವರೆ ಮೀಟರ್ ಬಟ್ಟೆಯ ಲೆಕ್ಕ.

ಒಂದು ಮಾತು ಸ್ಪಷ್ಟವಾಗಿರಲಿ. ಅಸ್ತರ್, ಕಾಜಾ, ಥಾನು, ಗಜ ಇವನ್ನೆಲ್ಲ ಓಡಿಸಿ ಎಂದು ನಾನು ಹೇಳುತ್ತಿಲ್ಲ. 1948ರ ಸೆಪ್ಟೆಂಬರಿನವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ನೆಲ ನಮ್ಮದು. ಉರ್ದು, ಮರಾಠಿ, ತೆಲುಗು ಮಾತಾಡುವ ಅಣ್ಣತಮ್ಮಂದಿರ ನಡುವೆ ಬೆಳೆದವರು ನಾವು. ಆ ಮಾತುಗಳು ನಮ್ಮ ಅಜ್ಜಿಯ ಬಾಯಲ್ಲಿ ಹಣ್ಣಾಗಿ ಕನ್ನಡವೇ ಆಗಿವೆ. ನಮ್ಮ ಜಗಳ ಪಕ್ಕದ ಮನೆಯ ಮಾತಿನ ಜೊತೆ ಅಲ್ಲ. ಕನ್ನಡ ಬಲ್ಲವನನ್ನು ಅವನ ಊರಲ್ಲೇ ಅನಕ್ಷರಸ್ಥನನ್ನಾಗಿ ಮಾಡುವ ವ್ಯವಸ್ಥೆಯ ಜೊತೆ.

ಸೂಜಿ ಹಿಡಿದ ಶರಣರ ನೆಲ

ಹೊಲಿಗೆಯಂಥ ಕಸುಬನ್ನು ಕನ್ನಡದಲ್ಲಿ ಹೇಳಲಾಗುವುದೇ ಎಂದು ಅನುಮಾನಪಡುವವರು ಒಮ್ಮೆ ಬಸವಕಲ್ಯಾಣಕ್ಕೆ ಬನ್ನಿ. ನಮ್ಮೂರಿಗೆ ನೆರೆಯ ತಾಲ್ಲೂಕು. ಹನ್ನೆರಡನೆಯ ಶತಮಾನದ ವಚನಕಾರರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದಾನೆ. ಕಸುಬು ಹೊಲಿಗೆ. ನೂಲುವ ಕಾಯಕದ ಕದಿರ ರೆಮ್ಮವ್ವೆ ಇದ್ದಾಳೆ. ಅವರಿಗೂ ಹಿಂದಿನವನು ಯಾದಗಿರಿ ಜಿಲ್ಲೆಯ ಮುದನೂರಿನ ಜೇಡರ ದಾಸಿಮಯ್ಯ, ಮಗ್ಗದ ಮನುಷ್ಯ. ಇವರು ಸೂಜಿ, ಕದಿರು, ಮಗ್ಗಗಳ ಮಾತಿನಲ್ಲೇ ದೇವರನ್ನೂ ಬದುಕನ್ನೂ ಕನ್ನಡದಲ್ಲಿ ಹೇಳಿದರು. ಎಂಟುನೂರು ವರ್ಷಗಳ ಹಿಂದೆ ಸೂಜಿಯ ಬಾಯಲ್ಲಿ ತತ್ವ ಹೇಳಿಸಿದ ಭಾಷೆಗೆ ಇವತ್ತು ಅಂಗಿ ಒಗೆಯುವ ರೀತಿ ಹೇಳಲು ಬರುವುದಿಲ್ಲವೇ? ಬರುತ್ತದೆ. ಬರೆಯುವವರಿಗೆ ಮನಸ್ಸಿಲ್ಲ, ಕೇಳುವವರಿಗೆ ಬಾಯಿಲ್ಲ.

ನಮ್ಮ ಅವ್ವಂದಿರಿಗೆ ಯಾರೂ ಡಿಪ್ಲೊಮಾ ಕೊಡಲಿಲ್ಲ. ಹಳೆ ಸೀರೆ, ಹಳೆ ಧೋತರ ಪದರ ಪದರ ಹಾಕಿ ಕೌದಿ ಹೊಲಿದರು. ಕೂಸಿಗೆ ಕುಂಚಿಗಿ ಹೊಲಿದರು. ಒಂದು ತುಂಡು ಬಟ್ಟೆ ತಿಪ್ಪೆಗೆ ಹೋಗಲಿಲ್ಲ. ಅವರ ಮೊಮ್ಮಕ್ಕಳಾದ ನಾವು ಅಂಗಿಯ ಒಂದು ಗುಂಡಿ ಬಿದ್ದರೆ ಅಂಗಿಯನ್ನೇ ಮೂಲೆಗೆ ಎಸೆಯುತ್ತೇವೆ. ಇದು ಮುಂದುವರಿದದ್ದೋ, ಕೈ ಕಳೆದುಕೊಂಡದ್ದೋ?

ಹಾಸು-ಹೊಕ್ಕು ಗೊತ್ತೇನು?

ನಮ್ಮ ಭಾಷಣಕಾರರು "ಕನ್ನಡ ನಮ್ಮ ಬಾಳಿನಲ್ಲಿ ಹಾಸುಹೊಕ್ಕಾಗಿದೆ" ಎಂದು ಮೈಕಿನ ಮುಂದೆ ಗುಡುಗುತ್ತಾರೆ. ಹಾಸು ಎಂದರೇನು, ಹೊಕ್ಕು ಎಂದರೇನು ಎಂದು ಕೇಳಿ ನೋಡಿ. ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟಿದ ನೂಲು ಹಾಸು. ಲಾಳಿಯೊಳಗಿಂದ ಅಡ್ಡಕ್ಕೆ ಓಡುವ ನೂಲು ಹೊಕ್ಕು. ಬಟ್ಟೆ ಕೊಳ್ಳುವವನಿಗೆ ಇದು ಗೊತ್ತಿರಬೇಕು. ಅಂಗಿಯ ಉದ್ದ ಹಾಸಿನ ದಿಕ್ಕಿಗೇ ಬರುವಂತೆ ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದರೆ ನಾಲ್ಕು ಸಲ ಒಗೆಯುವುದರೊಳಗೆ ಅಂಗಿ ಸೊಟ್ಟಗಾಗುತ್ತದೆ. ಅಂಚು ಯಾವ ಕಡೆಗಿದೆ ನೋಡಿದರೆ ಹಾಸಿನ ದಿಕ್ಕು ತಿಳಿಯುತ್ತದೆ.

ಬೆಂಗಳೂರಿನ ಹುಡುಗರೇ, ಚಿಕ್ಕಪೇಟೆಗೆ ಹೋದಾಗ ಇನ್ನೆರಡು ಮಾತು ನೆನಪಿಡಿ. ಮೊದಲು ಬಟ್ಟೆಯ ಅಗಲ ಕೇಳಿ. ತುಂಬುತೋಳಿನ ಅಂಗಿಗೆ 36 ಇಂಚು ಅಗಲದ ಬಟ್ಟೆಯಾದರೆ ಸುಮಾರು ಎರಡೂಕಾಲು ಮೀಟರ್ ಬೇಕು, 58 ಇಂಚಾದರೆ ಒಂದೂಮುಕ್ಕಾಲರೊಳಗೇ ಆದೀತು. ಅಗಲ ಕೇಳದೆ ಮೀಟರ್ ಲೆಕ್ಕ ಹಾಕಿದರೆ ದುಡ್ಡು ದಂಡ. ಎರಡನೆಯದು, "ಶುದ್ಧ ಹತ್ತಿ" ಎಂದು ಮಾರುವವನ ಮಾತನ್ನು ಕಣ್ಣು ಮುಚ್ಚಿ ನಂಬಬೇಡಿ. ಅಂಚಿನಿಂದ ಒಂದೆರಡು ಎಳೆ ನೂಲು ತೆಗೆದು ಜೋಪಾನವಾಗಿ ಕಡ್ಡಿ ಗೀರಿ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಉಂಡೆಯಾಗುತ್ತದೆ. ಹತ್ತಿ ಬಟ್ಟೆ ತಂದರೆ ಹೊಲಿಯುವ ಮುಂಚೆ ಒಮ್ಮೆ ನೀರಲ್ಲಿ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ತೋಳು ಮೇಲೇರುತ್ತದೆ.

ಇಷ್ಟು ತಿಳಿದುಕೊಂಡ ಮೇಲೆ ಕನ್ನಡದ ಬಟ್ಟೆ ನೋಡಿ. ಇಳಕಲ್ ಸೀರೆಯಲ್ಲಿ ಮೈಯನ್ನೂ ಸೆರಗನ್ನೂ ಕೊಂಡಿ ಹಾಕಿ ಜೋಡಿಸುವ ಕೆಲಸ ನೋಡಿ. ಗುಳೇದಗುಡ್ಡದ ಖಣ ನೋಡಿ, ಕುಪ್ಪಸಕ್ಕೆಂದೇ ನೇಯ್ದದ್ದು. ಮೊಳಕಾಲ್ಮೂರಿನ ರೇಷ್ಮೆ ಇದೆ, ಧಾರವಾಡ ಸೀಮೆಯ ಕಸೂತಿ ಇದೆ, ಸಂಡೂರಿನ ಲಂಬಾಣಿ ತಾಯಂದಿರ ಕಸೂತಿ ಇದೆ. ಖಣದ ಬಟ್ಟೆಯಲ್ಲಿ ಈಗ ಹುಡುಗರ ಜಾಕೀಟು, ಕೈಚೀಲ ಕೂಡ ಹೊಲಿಯುತ್ತಿದ್ದಾರೆ. ಮಾಲಿನಲ್ಲಿ ಯಾವುದೋ ದೇಶದ ಹೆಸರು ಹೊತ್ತ ಅಂಗಿಗೆ ಸಾವಿರಗಟ್ಟಲೆ ಸುರಿಯುವ ಕೈ ನಮ್ಮ ನೇಕಾರನ ಮುಂದೆ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತದೆ. ನಾಚಿಕೆಯಾಗಬೇಕು.

ಇನ್ನೊಂದು ನೋವು ಹೇಳುತ್ತೇನೆ. ದೇಶದ ಬಾವುಟ ಹೊಲಿಯುವ ಕೈ ಕನ್ನಡದ ಕೈ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಗುಣಮಟ್ಟದ ಮುದ್ರೆಯ ಖಾದಿ ಧ್ವಜ ತಯಾರಿಸುತ್ತದೆ. ಅಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಪಾಲಿಯೆಸ್ಟರ್ ಮತ್ತು ಯಂತ್ರದ ಬಾವುಟಕ್ಕೂ ದಾರಿ ಬಿಟ್ಟರು. ದಿಲ್ಲಿಯಲ್ಲಿ ಒಂದು ಸಾಲು ತಿದ್ದಿದರೆ ಬೆಂಗೇರಿಯಲ್ಲಿ ಎಷ್ಟು ಒಲೆಗಳಿಗೆ ಬಿಸಿ ತಟ್ಟುತ್ತದೆ, ಯೋಚಿಸಿ. ಅದನ್ನು ಖಂಡಿಸುವ ನಾವು ನಮ್ಮ ಹಳದಿ-ಕೆಂಪು ಬಾವುಟ, ಶಲ್ಯಗಳನ್ನು ಯಾವ ಬಟ್ಟೆಯಲ್ಲಿ ಹೊಲಿಸುತ್ತಿದ್ದೇವೆ? ಅದೇ ಪಾಲಿಯೆಸ್ಟರ್!

ಕಾಯ್ದೆಯ ಕೊಕ್ಕೆ

ಪೊಟ್ಟಣದ ಮೇಲೆ ಕನ್ನಡ ಯಾಕಿಲ್ಲ ಎಂದು ಅಂಗಡಿಯವನನ್ನು ಬೈಯುವ ಮುಂಚೆ ಕಾಯ್ದೆ ನೋಡಿ. ಕೇಂದ್ರ ಸರ್ಕಾರದ 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳು ಏನು ಹೇಳುತ್ತವೆ? ಕಡ್ಡಾಯ ವಿವರಗಳು ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ ಇರಬೇಕು. ಬೇರೆ ಭಾಷೆ ಬೇಕಾದರೆ ಜೊತೆಗೆ ಸೇರಿಸಬಹುದು. ಅಂದರೆ ಕನ್ನಡ ಕಂಪನಿಯವನ ದಯೆ! ಅವನಿಗೆ ದಯೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೋಟಿ ಕೋಟಿ ಜನ ತೆರಿಗೆ ಕಟ್ಟುವ ಭಾಷೆಗೆ ಕೊಟ್ಟ ಸ್ಥಾನ ಇದು. ನಮ್ಮ ರಾಜ್ಯದ 2022ರ ಕಾಯ್ದೆ ಇಲ್ಲಿಯೇ ತಯಾರಾಗಿ ಇಲ್ಲಿಯೇ ಮಾರಾಟವಾಗುವ ಸರಕಿನ ಹೆಸರು ಮತ್ತು ಬಳಸುವ ವಿಧಾನ ಕನ್ನಡದಲ್ಲೂ ಇರಬೇಕೆನ್ನುತ್ತದೆ. ಬೋರ್ಡಿಗಾಗಿ ಬೀದಿಗಿಳಿದ ನಾವು ಈ ಮಾತಿಗಾಗಿ ಎಷ್ಟು ಸಲ ಬೀದಿಗಿಳಿದಿದ್ದೇವೆ?

ಕಲಬುರಗಿಗೆ ಪಾರ್ಕು, ನಮಗೇನು?

2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ದೇಶದ ಏಳು ಕಡೆ ಪಿಎಂ ಮಿತ್ರ ಜವಳಿ ಪಾರ್ಕು ಘೋಷಿಸಿತು. ಅದರಲ್ಲಿ ಒಂದು ಕಲಬುರಗಿಗೆ. ಸಾವಿರಾರು ಉದ್ಯೋಗ ಎನ್ನುತ್ತಾರೆ. ಬರಲಿ, ಸ್ವಾಗತ. ಕಲಬುರಗಿಗೆ ಮಿಲ್ಲು ಹೊಸದಲ್ಲ. ನಿಜಾಮನ ಕಾಲದ ಎಂ.ಎಸ್.ಕೆ. ಮಿಲ್ಲು ಎಷ್ಟೋ ಮನೆಗಳಿಗೆ ಅನ್ನ ಹಾಕಿ, ಕೊನೆಗೆ ಬಾಗಿಲು ಹಾಕಿಕೊಂಡಿತು. ಹೊಸ ಪಾರ್ಕಿನಲ್ಲಿ ನಮ್ಮ ಬೀದರ, ಕಲಬುರಗಿ, ಯಾದಗಿರಿಯ ಹುಡುಗ ಹುಡುಗಿಯರು ಗೇಟು ಕಾಯಬೇಕೋ, ಯಂತ್ರ ನಡೆಸಬೇಕೋ? ಯಂತ್ರ ನಡೆಸಬೇಕಾದರೆ ಇವತ್ತಿನಿಂದಲೇ ಕನ್ನಡದಲ್ಲಿ ತರಬೇತಿ ಬೇಕು, ಕನ್ನಡದಲ್ಲಿ ಪುಸ್ತಕ ಬೇಕು. ಇಲ್ಲದಿದ್ದರೆ "ನಿಮ್ಮವರಿಗೆ ಕೆಲಸ ಬರುವುದಿಲ್ಲ" ಎಂಬ ಹಳೆಯ ರಾಗ ಹಾಡಿ ಹೊರಗಿನಿಂದ ಲಾರಿಗಟ್ಟಲೆ ಜನ ತರುತ್ತಾರೆ. ನಮ್ಮ ಮಕ್ಕಳು ಮತ್ತೆ ಪುಣೆ, ಮುಂಬಯಿ, ಹೈದರಾಬಾದಿನ ಬಸ್ಸು ಹತ್ತುತ್ತಾರೆ. 371ಜೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಟ್ಟೀತು, ಖಾಸಗಿ ಗೇಟಿನೊಳಗೆ ಅದು ನುಗ್ಗುವುದಿಲ್ಲ.

ಸರ್ಕಾರಿ ಶಾಲೆಯ ಸಮವಸ್ತ್ರದ ಕತೆಯನ್ನೂ ನೋಡಿ. ಬಟ್ಟೆ ಪುಕ್ಕಟೆ, ಹೊಲಿಗೆ ಕೂಲಿ ತಂದೆತಾಯಿಯ ತಲೆಯ ಮೇಲೆ. ಮೂರು ಮಕ್ಕಳಿರುವ ಕೂಲಿಕಾರ ಎಲ್ಲಿಂದ ತರಬೇಕು? ಪ್ರತಿ ಊರಲ್ಲೂ ಹೊಲಿಗೆ ಬಲ್ಲ ಹೆಣ್ಣುಮಕ್ಕಳು ಕೆಲಸವಿಲ್ಲದೆ ಕೂತಿದ್ದಾರೆ. ಸರ್ಕಾರವೇ ಕೂಲಿ ಕೊಟ್ಟು ಅವರಿಂದ ಹೊಲಿಸಿದರೆ ಮಗುವಿಗೆ ಅಂಗಿ, ತಾಯಿಗೆ ದುಡಿಮೆ.

ಮಾಡೋಣ ಏನು?

"ರೆಡಿಮೇಡು ಅಗ್ಗ ಅಲ್ಲವೇ?" ಎಂದು ಕೇಳುತ್ತೀರಿ. ಹೌದು, ಎಷ್ಟೋ ಸಲ ಅಗ್ಗ. ಎಲ್ಲರೂ ಎಲ್ಲ ಬಟ್ಟೆಯನ್ನೂ ಹೊಲಿದುಕೊಳ್ಳಿ ಎಂದು ನಾನೂ ಹೇಳುತ್ತಿಲ್ಲ. ವರ್ಷಕ್ಕೆ ಒಂದು ಜೊತೆಯಾದರೂ ಬಟ್ಟೆ ಆರಿಸಿ ತಂದು ನಿಮ್ಮ ಬೀದಿಯ ಟೇಲರಿನಿಂದ ಹೊಲಿಸಿ. ಗುಂಡಿ ಹಚ್ಚುವುದು, ಮಡಿಕೆ ಹೊಲಿಯುವುದು ಗಂಡುಮಕ್ಕಳೂ ಕಲಿಯಿರಿ. ರಾಮಿತಂದೆ ಗಂಡಸೇ ಆಗಿದ್ದ!

ಬಟ್ಟೆ ಅಂಗಡಿಯಲ್ಲಿ ಮೊದಲ ಮಾತು ಕನ್ನಡದಲ್ಲೇ ಆಡಿ. ಕನ್ನಡದಲ್ಲೇ ಬಿಲ್ಲು ಕೇಳಿ. ಜಗಳ ಬೇಡ, ಸೌಜನ್ಯದಿಂದ, ಆದರೆ ಬಿಡದೆ ಕೇಳಿ. ಒಬ್ಬ ಕೇಳಿದರೆ ನಗುತ್ತಾರೆ, ನೂರು ಜನ ಕೇಳಿದರೆ ಅಚ್ಚು ಹಾಕಿಸುತ್ತಾರೆ. ಅಚ್ಚಿನವನಾಗಿ ಇದು ನನಗೆ ಚೆನ್ನಾಗಿ ಗೊತ್ತು.

ಸಂಘಟನೆಗಳ ಮುಖಂಡರಿಗೆ ಒಂದು ಮಾತು. ಮುಂದಿನ ರಾಜ್ಯೋತ್ಸವದ ಶಲ್ಯ ಕರ್ನಾಟಕದ ಮಗ್ಗದ ಹತ್ತಿ ಬಟ್ಟೆಯಲ್ಲಿ, ನಿಮ್ಮ ಊರಿನ ಟೇಲರಿನ ಕೈಯಲ್ಲಿ ಆಗಲಿ. ನಾಲ್ಕು ಶಲ್ಯ ಕಡಿಮೆಯಾದರೂ ಚಿಂತೆಯಿಲ್ಲ.

ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಅಳತೆ ಪುಸ್ತಕ ಬೇಕೆನ್ನುವ ಯಾವ ಟೇಲರ್ ಬಂದರೂ ಕಾಗದದ ದುಡ್ಡು ಮಾತ್ರ ತೆಗೆದುಕೊಂಡು ಅಚ್ಚು ಹಾಕಿಕೊಡುತ್ತೇನೆ. ಕೂಲಿ ಬೇಡ. ಹಿಂದೆ ಹಾಕಿಕೊಟ್ಟ ಆ ಎರಡು 'ಎಸ್'ಗಳ ಸಾಲ ನನ್ನ ಮೇಲಿದೆ. ಕೆಲಸ ಕಳೆದುಕೊಂಡ ಆ ಹುಡುಗ ಈಗ ಯಾವ ಊರಲ್ಲಿದ್ದಾನೋ ಗೊತ್ತಿಲ್ಲ. ಅಂಥ ಇನ್ನೊಬ್ಬ ಹುಡುಗ ಕನ್ನಡ ಓದಬಲ್ಲವನಾಗಿಯೂ ದಡ್ಡನೆನ್ನಿಸಿಕೊಳ್ಳಬಾರದು. ಎದೆಯ ಮೇಲೆ ಬರೆಸಿಕೊಂಡ ಕನ್ನಡ ಕೊರಳಪಟ್ಟಿಯ ಒಳಗೂ ಬರುವ ತನಕ ನಮ್ಮ ಕೆಲಸ ಮುಗಿಯುವುದಿಲ್ಲ.