ಜಗಲಿಯ ಮೇಲಿನ ಗಿಡ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಕಚೇರಿಯ ಮುಂದಣ ಜಗಲಿಯ ಮೇಲಿರುವ ಮಣ್ಣಿನ ಕುಂಡವನ್ನು ಮರೆತವರು ವಿರಳವೆಂದು ನಂಬುತ್ತೇನೆ. ತಡವಾಗಿ ಬಂದವರು ಅದರ ಪಕ್ಕದಲ್ಲಿಯೇ ನಿಲ್ಲಬೇಕಾಗಿದ್ದಿತು. ಅದರ ಎಲೆಯಂಚಿನಲ್ಲಿ ಹುಟ್ಟುವ ಮರಿಗಳನ್ನು ಕಿತ್ತು ಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಹೋದವರೂ ಉಂಟು. ಆ ದಪ್ಪೆಲೆಯ ಗಿಡವು ನಾನು ಇಲ್ಲಿಗೆ ಉಪಾಧ್ಯಾಯಿನಿಯಾಗಿ ಬರುವುದಕ್ಕೆ ಮೊದಲೇ ಅಲ್ಲಿತ್ತು. ಎಲ್ಲರೂ ಅದನ್ನು ಕಾಡುಬಸಳೆಯೆಂದು ಕರೆಯುತ್ತಿದ್ದರು. ನಾನೂ ಹದಿನೆಂಟು ವರ್ಷಗಳ ಕಾಲ ಸಸ್ಯಶಾಸ್ತ್ರದ ಪಾಠದಲ್ಲಿ ಅದನ್ನು ತೋರಿಸಿ ಹಾಗೆಯೇ ಕಲಿಸಿದೆನು. ಆ ಹೆಸರು ತಪ್ಪಾಗಿತ್ತು. ಈ ತಪ್ಪನ್ನು ಒಪ್ಪಿಕೊಳ್ಳುವುದಕ್ಕೂ, ಅದರಿಂದ ನನ್ನಲ್ಲಿ ದೃಢವಾದ ಒಂದು ಅಭಿಪ್ರಾಯವನ್ನು ತಾಯಿತಂದೆಗಳ ಮುಂದಿಡುವುದಕ್ಕೂ ಈ ಸ್ಮರಣ ಸಂಚಿಕೆಯಲ್ಲಿ ಸ್ವಲ್ಪ ಸ್ಥಳವನ್ನು ತೆಗೆದುಕೊಂಡಿದ್ದೇನೆ.

ಎರಡು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮನೆಯ ಹಿತ್ತಲಿನಿಂದ ಒಂದು ಎಲೆಯನ್ನು ತಂದು, "ಟೀಚರೇ, ನಮ್ಮ ಅಜ್ಜಿ ಕಾಡುಬಸಳೆ ಎನ್ನುವುದು ಇದನ್ನು. ಶಾಲೆಯ ಗಿಡ ಹೀಗಿಲ್ಲವಲ್ಲ?" ಎಂದು ಕೇಳಿದಳು. ನಾನು ಎಲೆಯನ್ನು ಸರಿಯಾಗಿ ನೋಡದೆಯೇ, "ಎರಡೂ ಒಂದೇ, ಕುಳಿತುಕೋ" ಎಂದೆನು. ಅವಳು ಕುಳಿತುಕೊಂಡಳು.

ತಿಂಗಳೊಳಗಾಗಿ ಮತ್ತೊಬ್ಬ ವಿದ್ಯಾರ್ಥಿನಿಯ ತಂದೆಯವರು ಬಂದು, ತಮ್ಮ ಮೂತ್ರಪಿಂಡದಲ್ಲಿ ಕಲ್ಲು ಕಾಣಿಸಿಕೊಂಡಿರುವುದರಿಂದ ಪ್ರತಿದಿನ ಬೆಳಿಗ್ಗೆ ತಿನ್ನುವುದಕ್ಕೆ ಕೆಲವು ಎಲೆಗಳು ಬೇಕೆಂದರು. "ಶಾಲೆಯಲ್ಲಿ ಹೇಳಿಕೊಟ್ಟ ಹೆಸರೆಂದ ಮೇಲೆ ಸಂಶಯವೇನು ಅಮ್ಮಾ?" ಎಂಬ ಅವರ ಮಾತು ನನ್ನನ್ನು ಚುಚ್ಚಿತು. ಮೊದಲು ವೈದ್ಯರನ್ನು ಕಾಣಿರೆಂದು ಹೇಳಿ ಅವರನ್ನು ಬರಿಗೈಯಲ್ಲಿ ಕಳುಹಿಸಿದೆನು. ಆ ಸಾಯಂಕಾಲ ಹುಡುಗಿಯನ್ನು ಕರೆಯಿಸಿ, ಅವಳ ಎಲೆಯನ್ನೂ ನಮ್ಮ ಎಲೆಯನ್ನೂ ಮೇಜಿನ ಮೇಲೆ ಒಟ್ಟಿಗಿಟ್ಟು ನೋಡಿದೆನು.

ಕಾಡುಬಸಳೆ, ಅಂದರೆ ಕಲಂಚೋ ಪಿನ್ನಾಟ, ಬಲಿತಂತೆ ಒಂದೊಂದು ತೊಟ್ಟಿನಲ್ಲಿ ಮೂರು ಅಥವಾ ಐದು ಕಿರುಎಲೆಗಳನ್ನು ಬಿಡುವುದು. ಅದರ ಮರಿಗಳು ಸಾಮಾನ್ಯವಾಗಿ ಎಲೆಯು ಉದುರಿ ಮಣ್ಣಿಗೆ ತಾಗಿದ ಮೇಲೆ ಹುಟ್ಟುವುವು. ನಮ್ಮ ಗಿಡದಲ್ಲಾದರೋ ಎಲೆಯು ಯಾವಾಗಲೂ ಒಂಟಿ. ಕೆಳಮೈಯಲ್ಲಿ ಕೆನ್ನೀಲಿ ಮಚ್ಚೆಗಳು. ಮರಿಗಳು ಎಲೆಯು ಗಿಡದ ಮೇಲಿರುವಾಗಲೇ ಅಂಚಿನ ಹಲ್ಲುಹಲ್ಲಿನಲ್ಲಿಯೂ ಸಾಲುಗಟ್ಟಿರುವುವು. ಆದರೂ ಹೂವನ್ನು ನೋಡುವ ತನಕ ತೀರ್ಮಾನಿಸಬಾರದೆಂದು ಕಾದೆವು. ಮುಂದಿನ ಚಳಿಗಾಲದಲ್ಲಿ ಗಿಡವು ಹೂ ಬಿಟ್ಟಿತು. ಕಾಡುಬಸಳೆಯ ಹೂವಿಗೆ ಉಬ್ಬಿದ ಕಾಗದದ ಚೀಲದಂತಹ ಹೊರಕವಚವಿರುವುದು. ಇದರ ಜೋಲುಹೂಗಳಿಗೆ ಅದು ಇರಲಿಲ್ಲ. ಇದು 1914ರಲ್ಲಿ ಹೆಸರಿಡಲ್ಪಟ್ಟ ಕಲಂಚೋ ಡೈಗ್ರೆಮೋಂಟಿಯಾನ. ಎರಡೂ ಮಡಗಾಸ್ಕರ್ ದ್ವೀಪದಿಂದ ಬಂದ ಅಕ್ಕತಂಗಿಯರೇ. ಆದರೆ ಅಕ್ಕನು ತಂಗಿಯಲ್ಲ.

ಹೆಸರು ಯಾವುದಾದರೇನೆಂದು ಕೆಲವರು ಕೇಳಬಹುದು. ಈ ಕುಲದ ಗಿಡಗಳಲ್ಲಿ ಹೃದಯದ ಬಡಿತವನ್ನು ಕೆಡಿಸುವ ವಿಷದ್ರವ್ಯಗಳುಂಟು. ಆಸ್ಟ್ರೇಲಿಯ ದೇಶದಲ್ಲಿ ಇವುಗಳನ್ನು ಮೇಯ್ದು ದನಗಳು ಸತ್ತಿವೆ. ನಮ್ಮ ಜಗಲಿಯ ಗಿಡವು ಅಂತಹದು. ನಿಜವಾದ ಕಾಡುಬಸಳೆಯೂ ನಿರಪಾಯಕರವೆಂದು ಹೇಳಲಾಗದು. ಪ್ರವಾದಿಯಾದ ಎಲೀಷನ ಕಾಲದಲ್ಲಿ ಗಿಲ್ಗಾಲಿನಲ್ಲಿ ಒಬ್ಬನು ಹೊಲಕ್ಕೆ ಹೋಗಿ, ತಾನರಿಯದ ಬಳ್ಳಿಯ ಕಾಯಿಗಳನ್ನು ಉಡಿಯ ತುಂಬ ತಂದು ಅಡಿಗೆಯ ಹಂಡೆಯಲ್ಲಿ ಹಾಕಿದ ಕಥೆಯನ್ನು ನಮ್ಮ ಹುಡುಗಿಯರೆಲ್ಲರೂ ಬಲ್ಲರು. ಅವನು ದುಷ್ಟನಲ್ಲ, ಹಸಿದವರಿಗೆ ಉಣಿಸಬೇಕೆಂದೇ ತಂದನು. ಅರಿಯದಿದ್ದುದೇ ಅವನ ತಪ್ಪು. ಹದಿನೆಂಟು ವರ್ಷ ನಾನು ಮಾಡಿದುದೂ ಅದೇ.

ಅರಿಯುವ ಬಗೆಗೂ ಈ ಕುಲದ ಗಿಡವೇ ಒಂದು ದೃಷ್ಟಾಂತವನ್ನು ಕೊಟ್ಟಿದೆ. ಮೊರೇವಿಯನ್ ಮಿಷನ್ನಿನ ಸಂಬಂಧದಿಂದ ಈ ದೇಶಕ್ಕೆ ಬಂದು, ಕೆಲಕಾಲ ಬೆಂಗಳೂರಿನ ಲಾಲ್‌ಬಾಗಿನ ಹೊಣೆಯನ್ನೂ ಹೊತ್ತಿದ್ದ ಬೆಂಜಮಿನ್ ಹೈನೆ ಎಂಬವರು ಕಾಡುಬಸಳೆಯ ಎಲೆಯನ್ನು ಬೆಳಿಗ್ಗೆ ಅಗಿದು ನೋಡಿದರೆ ಹುಳಿಯಾಗಿರುವುದನ್ನೂ, ಮಧ್ಯಾಹ್ನಕ್ಕೆ ಆ ಹುಳಿಯು ಇಲ್ಲವಾಗುವುದನ್ನೂ ಕಂಡರು. ಅವರ ಬರಹವು ಲಂಡನ್ನಿನ ಲಿನ್ನೇಯನ್ ಸೊಸೈಟಿಯ ಸಂಪುಟದಲ್ಲಿ 1815ರಲ್ಲಿ ಅಚ್ಚಾಯಿತು. ಇಂತಹ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿ ನೀರನ್ನು ಉಳಿಸಿಕೊಂಡು, ರಾತ್ರಿಯಲ್ಲಿ ಅಂಗಾರಾಮ್ಲವಾಯುವನ್ನು ಸೆಳೆದು ಹುಳಿಯ ರೂಪದಲ್ಲಿ ಕೂಡಿಟ್ಟು, ಹಗಲು ಅದನ್ನು ಬಳಸುತ್ತವೆಂಬುದನ್ನು ಅನಂತರದ ವಿಜ್ಞಾನಿಗಳು ವಿವರಿಸಿದರು. ಬೇಸಗೆಯ ರಜೆಯಲ್ಲಿ ನೀರೆರೆಯುವವರಿಲ್ಲದಿದ್ದರೂ ನಮ್ಮ ಗಿಡವು ಬದುಕಿದ ಗುಟ್ಟೂ ಇದೇ. ಹೈನೆಯವರು ಒಂದೇ ಎಲೆಯನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಪರೀಕ್ಷಿಸಿದರು. ನಾನಾದರೋ ಪ್ರತಿದಿನ ಅದರ ಮುಂದೆಯೇ ನಡೆದಾಡಿಯೂ ಒಮ್ಮೆಯೂ ನೋಡಲಿಲ್ಲ.

ಆದುದರಿಂದ ನನ್ನ ಅಭಿಪ್ರಾಯವಿಷ್ಟೇ. ಮಕ್ಕಳ ಪ್ರಶ್ನೆಯನ್ನು ನಮ್ಮ ಗೌರವಕ್ಕೆ ಬಂದ ಕುಂದೆಂದು ಭಾವಿಸಿ ಅದುಮಿಡುವ ವಿದ್ಯೆಯು ವಿದ್ಯೆಯಲ್ಲ. "ತಿಳಿಯದು, ನೋಡೋಣ" ಎಂಬ ಮಾತು ಉಪಾಧ್ಯಾಯಿನಿಯ ಬಾಯಿಂದಲೂ ತಾಯಿತಂದೆಗಳ ಬಾಯಿಂದಲೂ ಮಕ್ಕಳ ಕಿವಿಗೆ ಬೀಳುತ್ತಿರಬೇಕು. ಕೇಳಿದ ಹೆಸರನ್ನು ನಂಬಿ ಯಾವ ಸೊಪ್ಪನ್ನೂ ಔಷಧವೆಂದು ತಿನ್ನಬಾರದು, ತಿನ್ನಿಸಬಾರದು. ಹಾಗೆ ಹೇಳಿದವರು ಶಾಲೆಯವರೇ ಆದರೂ ಸರಿಯೆ.

ಮರುದಿನದ ಬೆಳಗಿನ ಪ್ರಾರ್ಥನೆಯಾದ ಮೇಲೆ ಎಲ್ಲರ ಎದುರಿಗೆ ನನ್ನ ತಪ್ಪನ್ನು ಹೇಳಿ, ಆ ಹುಡುಗಿಯ ಕೈಯಿಂದಲೇ ಕುಂಡಕ್ಕೆ ಹೆಸರಿನ ಹಲಗೆಯನ್ನು ನಿಲ್ಲಿಸಿದೆವು. ಹಿಂದೆ ನನ್ನಿಂದ ಕಾಡುಬಸಳೆಯೆಂದು ಕಲಿತು ಅದರ ಮರಿಗಳನ್ನು ಮನೆಗೆ ಒಯ್ದವರು ಈಗ ಎಲ್ಲೆಲ್ಲಿರುವರೋ! ಅವರು ದಯವಿಟ್ಟು ಇದನ್ನು ಓದಿ ತಮ್ಮ ಕುಂಡದ ಹೆಸರನ್ನು ತಿದ್ದಿಕೊಳ್ಳಬೇಕೆಂದೂ, ತಮ್ಮ ಹಳೆಯ ಉಪಾಧ್ಯಾಯಿನಿಯನ್ನು ಕ್ಷಮಿಸಬೇಕೆಂದೂ ಬೇಡುತ್ತೇನೆ.