ಹೊಲಿಗೆ ಧರ್ಮಕ್ಕೆ ಅಲ್ಲ

“ನೀನು ಹೇಂಗೂ ಮನೆಲೇ ಇರ್ತೆನ್ನೆ, ಇದೊಂದು ರವಕೆ ಹೊಲುದು ಕೊಡು.”

ಹೊಲಿಗೆ ಗೊಂತಿಪ್ಪ ಯಾವ ಹೆಮ್ಮಕ್ಕಳ ಹತ್ತರೆ ಬೇಕಾರೂ ಕೇಳಿ, ಈ ಮಾತು ಕೇಳದ್ದವು ಸಿಕ್ಕವು. ಹೇಳುವವು ಹೆರಾಣವೂ ಅಲ್ಲ. ಅತ್ತಿಗೆ, ನಾದಿನಿ, ಚಿಕ್ಕಮ್ಮನ ಮಗಳು, ಆಚೆಮನೆ ಅಕ್ಕ. ಎಷ್ಟಾತು ಹೇಳಿ ಕೇಳುದೇ ಅಪರೂಪ. ಕೇಳಿರೂ “ಎನ್ನತ್ರೆಯೂ ಪೈಸೆ ತೆಕ್ಕೊಳ್ತೆಯಾ?” ಹೇಳಿ ನೆಗೆ ಮಾಡಿಗೊಂಡು ಕೇಳುದು. ಆ ನೆಗೆಯ ಎದುರು “ಅಪ್ಪು, ತೆಕ್ಕೊಳ್ತೆ” ಹೇಳ್ಲೆ ಹೆಚ್ಚಿನವಕ್ಕೆ ಬಾಯಿ ಬತ್ತಿಲ್ಲೆ. ಬಾಯಿ ಬಾರದ್ದವರ ಪರವಾಗಿ ಆನು ಬರೆತ್ತೆ: ಹೊಲಿಗೆ ಧರ್ಮಕ್ಕೆ ಅಲ್ಲ. ಸಂಬಂಧದವಕ್ಕೂ ಅಲ್ಲ, ನೆರೆಕರೆಯವಕ್ಕೂ ಅಲ್ಲ. ಓದಿಕ್ಕಿ ಎನ್ನ ಮೇಲೆ ಪಿಸುರು ಬಂದರೂ ಅಕ್ಕು.

ಮದಾಲು ಒಂದು ರವಕೆಲಿ ಎಷ್ಟು ಕೆಲಸ ಇದ್ದು ಹೇಳಿ ನೋಡುವ. ಹೊಲಿಶುವವಕ್ಕೆ ಕೇಳುದು ಮಿಶನಿನ ಟಕಟಕ ಶಬ್ದ ಮಾಂತ್ರ. ಮಿಶನಿಲಿ ಕೂಪದು ಅರ್ಧ ಕೆಲಸವೂ ಅಲ್ಲ. ಹತ್ತಿಯ ಲೈನಿಂಗು ಆದರೆ ಅದರ ಮದಾಲು ನೀರಿಲಿ ಹಾಕಿ, ಒಣಗುಸಿ, ಇಸ್ತ್ರಿ ಹಾಕೆಕ್ಕು. ಇಲ್ಲದ್ರೆ ಸುರುವಾಣ ಸರ್ತಿ ಒಗದಪ್ಪಗ ಲೈನಿಂಗು ಕುಗ್ಗಿ, ಮೇಗಾಣ ವಸ್ತ್ರ ನೆರಿಗೆ ನೆರಿಗೆ ಆವುತ್ತು. ಮಂಗಳೂರಿನ ಆಟಿ ತಿಂಗಳ ಮಳೆಲಿ ಆ ಒಂದು ಮೀಟರು ವಸ್ತ್ರ ಒಣಗುಲೇ ಎರಡು ದಿನ ಬೇಕು. ಮತ್ತೆ ಅಳತೆ. ಸೀರೆಯ ಒಟ್ಟಿಂಗೆ ಬಪ್ಪ ರವಕೆ ಪೀಸು 80 ಸೆಂಟಿಮೀಟರು ಆಸುಪಾಸು ಇರ್ತು. ಅದರಲ್ಲಿ ಎದುರಾಣದ್ದು, ಹಿಂದಾಣದ್ದು, ಎರಡು ಕೈ, ಹುಕ್ಕಿನ ಪಟ್ಟಿ, ಸೊಂಟದ ಪಟ್ಟಿ ಎಲ್ಲ ಬರೆಕ್ಕು. “ಕೈ ರಜ ಉದ್ದ ಇರಲಿ, ಬಾರ್ಡರು ಎರಡೂ ಕೈಗೆ ಸಮ ಬರಲಿ” ಹೇಳಿಕ್ಕಿ ಹೋಪಲೆ ಸುಲಭ. ಕತ್ತರಿ ಹಿಡುದವಕ್ಕೆ ಅದು ಅರ್ಧ ಗಂಟೆಯ ಲೆಕ್ಕಾಚಾರ. ಒಂದರಿ ಕತ್ತರಿ ಬಿದ್ದರೆ ಮುಗುತ್ತು, ತುಂಡಾದ ವಸ್ತ್ರ ಪುನಃ ಕೂಡ್ತಿಲ್ಲೆ.

ಮತ್ತೆ ಟಕ್ಸು. ಚಪ್ಪಟೆ ವಸ್ತ್ರವ ರಜ ರಜ ಒಳ ಮಡುಸಿ, ಮೈಯ ಉಬ್ಬಿಂಗೆ ಸರಿ ಮಾಡಿ ಹೊಲಿವದು. ಅದರ ಮೊನೆ ಅರ್ಧ ಇಂಚು ಆಚೀಚೆ ಆದರೆ ಇಡೀ ರವಕೆ ಹಾಳು. ಕೊರಳಿಂಗೆ ಪೈಪಿಂಗು ಬೇಕಾದರೆ ಪಟ್ಟಿಯ ವಸ್ತ್ರದ ನೇರಕ್ಕೆ ಕತ್ತರುಸಿರೆ ಆಗ. ಓರೆಗೆ, 45 ಡಿಗ್ರಿಲಿ ಕತ್ತರುಸೆಕ್ಕು. ಓರೆಗೆ ಕತ್ತರುಸಿದ ವಸ್ತ್ರ ಎಳದಪ್ಪಗ ರಜ ಹಿಗ್ಗುತ್ತು, ಹಾಂಗಾಗಿ ಕೊರಳಿನ ಸುತ್ತಿಂಗೆ ಸರಿಯಾಗಿ ಬಗ್ಗಿ ಕೂರ್ತು. ಕೈ ಕೂಡ್ಸುವಗ ಕಂಕುಳಿನ ಹತ್ತರೆ ಎಳೆತ ಬಾರದ್ದ ಹಾಂಗೆ ನೋಡೆಕ್ಕು. ಬದಿಯ ಹೊಲಿಗೆಲಿ ಒಂದು ಇಂಚಾದರೂ ವಸ್ತ್ರ ಒಳ ಬಿಡೆಕ್ಕು, ಬಪ್ಪ ವರ್ಷ ನಿಂಗೊ ರಜ ತೋರ ಆದರೆ ಬಿಡುಸಿ ದೊಡ್ಡ ಮಾಡ್ಲೆ. ಇಷ್ಟು ಆದ ಮೇಲೆ ಕೈಕೆಲಸ: ಹೆಮ್ಮಿಂಗು, ಹುಕ್ಕು, ಹುಕ್ಕು ಸಿಕ್ಕುಸುಲೆ ನೂಲಿನ ಕಾಜ. ಕಣ್ಣಿಂಗೆ ಕನ್ನಡಕ ಬಪ್ಪದು ಈ ಕಡೇಣ ಕೆಲಸಂದ.

ಸೀರೆಗೆ ಫಾಲು ಹಾಕುದು “ಅದೆಂತ ದೊಡ್ಡ ಕೆಲಸ” ಹೇಳುವವಕ್ಕೆ ಒಂದು ಲೆಕ್ಕ. ಫಾಲಿನ ಪಟ್ಟಿ ಎರಡೂವರೆ ಮೀಟರಿಂದ ಮೇಲೆ ಇರ್ತು. ಕೆಳಾಣ ಅಂಚು, ಮೇಗಾಣ ಅಂಚು ಎರಡನ್ನೂ ಕೈಲಿ ಹೊಲುದರೆ ಐದು ಮೀಟರು ದಾಂಟಿತ್ತು. ಸೆಂಟಿಮೀಟರಿಂಗೆ ಒಂದೇ ಹೊಲಿಗೆ ಹಾಕಿರೂ 500 ಸರ್ತಿ ಸೂಜಿ ಕುತ್ತೆಕ್ಕು. ಪ್ರತಿ ಸರ್ತಿಯೂ ಸೀರೆಯ ಒಂದೋ ಎರಡೋ ಎಳೆ ಮಾಂತ್ರ ಸೂಜಿಗೆ ಸಿಕ್ಕೆಕ್ಕು, ಹೆರಂದ ಹೊಲಿಗೆ ಕಾಂಬಲಾಗ. “ಫಾಲೊಂದು ಹಾಕಿ ಮಡಗು, ಹೊತ್ತೋಪಗ ಬತ್ತೆ” ಹೇಳಿ ಹೋಪವು ಆ 500 ಸರ್ತಿಯ ನೆಂಪು ಮಡಿಕ್ಕೊಳ್ಳಿ.

ಲೈನಿಂಗು ಹಾಕಿದ ಒಂದು ಸಾಧಾರಣ ರವಕೆಗೆ, ಅಳತೆಂದ ಹುಕ್ಕಿನ ವರೆಗೆ, ಎನಗೆ ನಾಕು ಗಂಟೆ ಬೇಕು. 30 ವರ್ಷ ಹೊಲುದ ಕೈಗೆ ನಾಕು ಗಂಟೆ. ಹೊಸತ್ತು ಕಲ್ತವಕ್ಕೆ ಒಂದು ದಿನ. 400 ರೂಪಾಯಿ ತೆಕ್ಕೊಂಡರೆ ಗಂಟೆಗೆ 100 ಆತು ಹೇಳಿ ಗ್ರೇಶೆಡಿ. ಲೈನಿಂಗು, ನೂಲು, ಹುಕ್ಕು, ಕರೆಂಟು, ಮಿಶನಿನ ಎಣ್ಣೆ, ಮಳೆಗಾಲಲ್ಲಿ ತುಕ್ಕು ಹಿಡುದ ಬಿಡಿಭಾಗದ ರಿಪೇರಿ, ಇದರ ಎಲ್ಲ ಕಳದರೆ ಗಂಟೆಗೆ 70 ಒಳುದರೆ ಪುಣ್ಯ. ಅಡಕ್ಕೆ ಕೊಯ್ವವರ ಸಂಬಳ ಎಷ್ಟು ಹೇಳಿ ಊರಿಲಿ ತೋಟ ಇಪ್ಪ ನಿಂಗೊಗೆ ಎನ್ನಂದ ಚೆಂದಕೆ ಗೊಂತಿದ್ದು. ಅವರತ್ರೆ ಆರಾರು “ನೀನು ಹೇಂಗೂ ಊರಿಲೇ ಇದ್ದೆನ್ನೆ, ರಜ ಕೊಯ್ದು ಕೊಡು” ಹೇಳಿ ಕೇಳುಗೋ?

“ಅದು ಹೆರಾಣ ಕೆಲಸ, ಇದು ಮನೆಲಿ ಕೂದು ಮಾಡುದು” ಹೇಳುವಿ. ಅದಕ್ಕೆ ಉತ್ತರ ನಮ್ಮ ಮಂಗಳೂರಿಲೇ ಇದ್ದು. ಬೀಡಿ ಕಟ್ಟುವ ಹೆಮ್ಮಕ್ಕಳ ನೋಡದ್ದವು ಈ ಜಿಲ್ಲೆಲಿ ಇರವು. ಅವುದೆ ಮನೆಲೇ ಇಪ್ಪದು. ಅಡಿಗೆ, ಮಕ್ಕೊ, ದನ ಎಲ್ಲದರ ಎಡಕ್ಕಿಲಿ ಜೆಗಿಲಿಲಿ ಕೂದು, ಮಡಿಲಿಲಿ ತಟ್ಟೆ ಮಡಿಕ್ಕೊಂಡು ಬೀಡಿ ಕಟ್ಟುದು. ಆದರೆ 1000 ಬೀಡಿಗೆ ಇಷ್ಟು ಹೇಳಿ ಮಜೂರಿ ಇದ್ದು. 1966ರ ಬೀಡಿ ಕಾರ್ಮಿಕರ ಕಾನೂನು, ಮನೆಲಿ ಕೂದು ಕಟ್ಟುವವರನ್ನೂ ಕಾರ್ಮಿಕರು ಹೇಳಿಯೇ ಲೆಕ್ಕ ಮಾಡಿತ್ತು. ಪಿ.ಎಫ್. ಕೂಡಾ ಇದ್ದು. ಆ ಮಜೂರಿ ಸಾಕಾವುತ್ತೋ ಹೇಳುದು ಬೇರೆ ಮಾತು. ಮನೆಲಿ ಕೂದು ಮಾಡಿರೂ ಕೆಲಸ ಕೆಲಸವೇ ಹೇಳಿ ಅಲ್ಲಿ ಎಲ್ಲೋರೂ ಒಪ್ಪಿದ್ದವು. ಬೀಡಿಗೆ ಇಪ್ಪ ಮರ್ಯಾದೆ ರವಕೆಗೆ ಎಂತಗೆ ಇಲ್ಲೆ?

ಸರಕಾರಕ್ಕೂ ಗೊಂತಿದ್ದು. 2023ರ ಸೆಪ್ಟೆಂಬರ್ 17ಕ್ಕೆ ಸುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಲಿ 18 ಕಸುಬಿನ ಪಟ್ಟಿ ಇದ್ದು. ಬಡಗಿ, ಕಮ್ಮಾರ, ಅಕ್ಕಸಾಲಿಗರ ಸಾಲಿಲಿ ದರ್ಜಿಯೂ ಇದ್ದು. ಉಪಕರಣ ತೆಗವಲೆ 15,000 ರೂಪಾಯಿ ವರೆಗೆ ಸಹಾಯವೂ ಇದ್ದು. ಡೆಲ್ಲಿಲಿ ಕೂದವಕ್ಕೆ ಇದು ಕಸುಬು ಹೇಳಿ ಗೊಂತಾತು. ಆಚೆಮನೆಲಿ ಇಪ್ಪವಕ್ಕೆ ಗೊಂತಪ್ಪಲೆ ಎಂತ ತಡವು?

ಪೇಟೆಲಿ ಅಂಗಡಿ ಮಡಗಿದ ಟೈಲರ ಹತ್ತರೆ ಹೋದರೆ ಇದೇ ಅಕ್ಕಂದಿರು ಎಷ್ಟು ಪಾಪ! ಅವು ಹೇಳಿದ ಕ್ರಯ ಕೊಡ್ತವು, ಅರ್ಜೆಂಟು ಹೇಳಿ ಹೆಚ್ಚು ಕೊಡ್ತವು, ಮೂರು ವಾರ ಕಾಯ್ತವು, “ನಾಳೆ ಬನ್ನಿ” ಹೇಳಿರೆ ನಾಡ್ದು ಹೋವುತ್ತವು. ಅಲ್ಲಿ ನೆಗೆ ಇಲ್ಲೆ, ಚರ್ಚೆ ಇಲ್ಲೆ. ಅದೇ ರವಕೆ, ಅದಕ್ಕಿಂತ ಚೆಂದಕೆ, ಮನೆಲಿಪ್ಪ ಹೆಮ್ಮಕ್ಕೊ ಹೊಲುದರೆ “ನಿನಗೆ ಟೈಂಪಾಸು ಆತನ್ನೆ” ಹೇಳುದು. ಬೋರ್ಡು ಇದ್ದರೆ ಪೈಸೆ, ಬೋರ್ಡು ಇಲ್ಲದ್ರೆ ಟೈಂಪಾಸು! ನಮ್ಮ ಹಾಂಗಿಪ್ಪ ಹೆಮ್ಮಕ್ಕಳೇ ಹೆಮ್ಮಕ್ಕೊಗೆ ಹೀಂಗೆ ಮಾಡಿರೆ, ಗೆಂಡುಮಕ್ಕಳ ಎಂತ ಹೇಳುದು?

ಟೈಂಪಾಸಿನ ಮಾತು ಬಂತನ್ನೆ. 2019ರಲ್ಲಿ ಕೇಂದ್ರ ಸರಕಾರ ಮಾಡಿದ ಸಮಯ ಬಳಕೆಯ ಸಮೀಕ್ಷೆಲಿ, ಮನೆಕೆಲಸ ಮಾಡುವ ಹೆಮ್ಮಕ್ಕೊ ದಿನಕ್ಕೆ ಸರಾಸರಿ 299 ನಿಮಿಷ ಸಂಬಳ ಇಲ್ಲದ್ದೆ ದುಡಿತ್ತವು ಹೇಳಿ ಬಯಿಂದು. ಹತ್ತತ್ತರೆ ಐದು ಗಂಟೆ. ಮನೆಕೆಲಸ ಮಾಡುವ ಗೆಂಡುಮಕ್ಕೊ 97 ನಿಮಿಷ. ಈ ಐದು ಗಂಟೆ ಮುಗುಶಿ, ಮಧ್ಯಾನ್ನ ರಜ ಬೆನ್ನು ನೆಟ್ಟಗೆ ಮಾಡುವ ಹೊತ್ತಿಲಿ ಹೊಲಿಗೆಗೆ ಕೂಪದು. ಪಾಸು ಮಾಡ್ಲೆ ಟೈಮು ಎಲ್ಲಿದ್ದು?

ಇದು ಕಾಲಿ ಮಾನ ಮರ್ಯಾದೆಯ ವಿಷಯವೂ ಅಲ್ಲ. ಎನ್ನ ಗುರ್ತದ ಒಂದು ಅಕ್ಕ ಇದ್ದು. ಗೆಂಡ ತೀರಿಹೋದ ಮೇಲೆ ಒಂದು ಮಿಶನಿನ ನಂಬಿ ಎರಡು ಮಕ್ಕಳ ಓದುಸುತ್ತಾ ಇದ್ದು. ಅದಕ್ಕೆ ನಾಕು ಪೈಸೆ ಅಪ್ಪದು ಏಪ್ರಿಲು, ಮೇ ತಿಂಗಳಿನ ಮದುವೆ, ಉಪ್ನಾನದ ಸಮಯಲ್ಲಿ. ಜೂನು ಬಂದರೆ ಮಕ್ಕಳ ಫೀಸು. ಕಳುದ ವರ್ಷ ಅದೇ ಸಮಯಲ್ಲಿ ಸಂಬಂಧದವರ ಒಂಬತ್ತು ರವಕೆ ಬಂತು, ಎಲ್ಲವೂ “ಮತ್ತೆ ನೋಡುವ” ಲೆಕ್ಕಲ್ಲಿ. ಒಂಬತ್ತಕ್ಕೆ ನಾಕು ಗಂಟೆಯ ಹಾಂಗೆ 36 ಗಂಟೆ. ಆ 36 ಗಂಟೆಲಿ ಪೈಸೆ ಕೊಡುವವರ ರವಕೆಗೊ ತಡ ಆತು, ಎರಡು ಜೆನ ವಸ್ತ್ರ ವಾಪಾಸು ತೆಕ್ಕೊಂಡು ಹೋದವು. ಫೀಸಿಂಗೆ ಅದು ಬಳೆ ಅಡವು ಮಡಗಿತ್ತು. ಆ ಒಂಬತ್ತು ರವಕೆ ಹಾಕಿದವು ಮದುವೆಲಿ ಫೊಟೊಕ್ಕೆ ನಿಂದಿಕ್ಕು. ಅವಕ್ಕೆ ಒಬ್ಬರಿಂಗೂ ಕೆಟ್ಟ ಮನಸ್ಸಿಲ್ಲೆ. ಆದರೆ ಬಳೆ ಹೋದ್ದದು ಹೋತು.

ಇನ್ನು ನಿಂಗಳ ಎದುರುಮಾತುಗೊ.

“ಸಂಬಂಧದ ಎಡಕ್ಕಿಲಿ ಪೈಸೆ ಬಂದರೆ ಪ್ರೀತಿ ಒಳಿತ್ತಿಲ್ಲೆ” ಹೇಳುದು ಒಂದು. ಪ್ರೀತಿಲಿ ಕೊಡ್ಲೆ ಎಂಗೊಗೂ ಗೊಂತಿದ್ದು. ಬಾಣಂತಿಯ ಮಗುವಿಂಗೆ ಹಳೆ ಮೆತ್ತನೆ ಸೀರೆಲಿ ಅಂಗಿ, ಸೊಸೆಯ ಸುರುವಾಣ ಹಬ್ಬಕ್ಕೆ ರವಕೆ, ಇದಕ್ಕೆಲ್ಲ ಆರೂ ಪೈಸೆ ಕೇಳ್ತವಿಲ್ಲೆ. ಆದರೆ ಉಡುಗೊರೆ ಹೇಳಿರೆ ಕೊಡುವವು ನಿಘಂಟು ಮಾಡೆಕಾದ್ದು. ತೆಕ್ಕೊಂಬವು ವಸ್ತ್ರ ತಂದು ಹಾಕಿ, ತಾರೀಕು ಹೇಳಿ, ಕೊರಳಿನ ಡಿಸೈನು ಮೊಬೈಲಿಲಿ ತೋರ್ಸಿರೆ ಅದು ಉಡುಗೊರೆ ಅಲ್ಲ, ಆರ್ಡರು.

“ರೆಡಿಮೇಡು ಇದಕ್ಕಿಂತ ಕಮ್ಮಿಗೆ ಸಿಕ್ಕುತ್ತು” ಹೇಳುದು ಇನ್ನೊಂದು. ಸಿಕ್ಕುತ್ತು. ಒಂದರಿ ಅದರ ಒಳಮೈ ತಿರುಗುಸಿ ನೋಡಿ. ಬದಿಲಿ ಬಿಡ್ಲೆ ವಸ್ತ್ರ ಇರ್ತಿಲ್ಲೆ, ಇಂಟರ್‌ಲಾಕು ಬಿಟ್ಟರೆ ಮತ್ತೆ ಎಂತದೂ ಇಲ್ಲೆ. ರಜ ತೋರ ಆದರೆ ಅದು ಪಾತ್ರೆ ಉದ್ದುವ ವಸ್ತ್ರ. ಮತ್ತೆ, ಕಮ್ಮಿಗೆ ಸಿಕ್ಕಿದ್ದರ ಬಾಕಿ ಆರೋ ಒಬ್ಬರು ಕೊಟ್ಟಿರ್ತವು. 2013ರ ಏಪ್ರಿಲ್ 24ಕ್ಕೆ ಬಾಂಗ್ಲಾದೇಶದ ಢಾಕಾ ಹತ್ತರೆ ರಾಣಾ ಪ್ಲಾಜಾ ಹೇಳುವ ಕಟ್ಟಡ ಕುಸುದು ಬಿದ್ದು 1100ಕ್ಕಿಂತ ಹೆಚ್ಚು ಜೆನ ಸತ್ತವು. ಹೆಚ್ಚಿನವು ಅಲ್ಲಿ ದೊಡ್ಡ ದೊಡ್ಡ ಕಂಪೆನಿಗೊಕ್ಕೆ ಅಂಗಿ ಹೊಲಿವವು, ಅವರಲ್ಲಿ ಹೆಚ್ಚಿನವು ಹೆಮ್ಮಕ್ಕೊ. ಗೋಡೆಲಿ ಬಿರುಕು ಬಿಟ್ಟದು ಹಿಂದಾಣ ದಿನವೇ ಗೊಂತಿತ್ತು. ಆದರೂ ಕೆಲಸಕ್ಕೆ ದಿನಿಗೇಳಿದವು. ಹೊಲಿವ ಕೈಗೆ ಬೆಲೆ ಇಲ್ಲೆ ಹೇಳಿ ಆದರೆ ಅದರ ಕಡೇಣ ಮೆಟ್ಲು ಅದು.

ಮೂರನೇದು ಎನಗೆ ಎಲ್ಲದರಿಂದ ಹೆಚ್ಚು ಪಿಸುರು ಬಪ್ಪದು. ಉಡುಪಿ ಸೀರೆಗೆ 2016ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿತ್ತು. ನಮ್ಮ ಹತ್ತರಾಣ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘಲ್ಲಿ ಈಗಳೂ ಕೈಮಗ್ಗಲ್ಲಿ ಆ ಸೀರೆ ನೇಯ್ತವು. ಅದರ ತೆಗದು, ಸುತ್ತಿ, ಸ್ಟೇಟಸ್ಸಿಲಿ ಫೊಟೊ ಹಾಕಿ, “ನೇಕಾರಂಗೆ ಸರಿಯಾದ ಮಜೂರಿ ಸಿಕ್ಕೆಕ್ಕು” ಹೇಳಿ ಬರೆತ್ತವು. ಒಳ್ಳೆದು, ಸಿಕ್ಕಲೇಬೇಕು. ಆದರೆ ಆ ಸೀರೆಯ ರವಕೆ ಹೊಲುದವರ ಹತ್ತರೆ 50 ರೂಪಾಯಿಗೆ ಚರ್ಚೆ ಮಾಡಿಕ್ಕಿ ಆ ಫೊಟೊ ಹಾಕುಲೆ ಮೋರೆ ಹೇಂಗೆ ಬತ್ತು?

ಹೊಲಿವ ಅಕ್ಕಂದಿರಿಂಗೂ ಎರಡು ಮಾತು. ಕ್ರಯ ಒಂದು ಕಾಗದಲ್ಲಿ ಬರದು ಮಿಶನಿನ ಹತ್ತರೆ ಗೋಡೆಗೆ ಅಂಟುಸಿ: ಲೈನಿಂಗು ಇಲ್ಲದ್ದ ರವಕೆ, ಲೈನಿಂಗು ಇಪ್ಪದು, ಪೈಪಿಂಗು, ಫಾಲು, ಬಿಡುಸಿ ಹೊಲಿವದು. ಬಾಯಿಲಿ ಹೇಳ್ಲೆ ನಾಚಿಕೆ ಆದರೆ ಗೋಡೆ ಹೇಳುಗು. ಬಿಡುಸಿ ಹೊಲಿವದಕ್ಕೆ ಬೇರೆಯೇ ಕ್ರಯ ಮಡುಗಿ. ಹಳೆ ಹೊಲಿಗೆ ವಸ್ತ್ರ ಹರಿಯದ್ದ ಹಾಂಗೆ ಬಿಡುಸುದು ಹೊಸತ್ತು ಹೊಲಿವದರಿಂದ ಕಷ್ಟ. ನಿಂಗಳ ಕೈತಪ್ಪಿಂದ ಸರಿ ಆಯಿದಿಲ್ಲೆ ಹೇಳಿ ಆದರೆ ಪೈಸೆ ತೆಕ್ಕೊಳ್ಳದ್ದೆ ಸರಿ ಮಾಡಿ ಕೊಡಿ, ಅದು ಕಸುಬಿನ ಧರ್ಮ. ಅಳತೆ, ತಾರೀಕು, ಮುಂಗಡ ಒಂದು ಪುಸ್ತಕಲ್ಲಿ ಬರೆರಿ. “ಎಷ್ಟಾತು?” ಹೇಳಿ ಕೇಳುವಗ “ಇರಲಿ ಬಿಡಿ” ಹೇಳೆಡಿ. ನಿಂಗೊಗೆ ಪೈಸೆಯ ಅಗತ್ಯ ಇಲ್ಲದ್ದೆ ಇಕ್ಕು. ಆದರೆ ನಿಂಗೊ ಧರ್ಮಕ್ಕೆ ಹೊಲುದರೆ, ಅದರಿಂದಲೇ ಜೀವನ ಮಾಡುವ ನಿಂಗಳ ನೆರೆಕರೆಯವರ ಕ್ರಯ ಇಳಿತ್ತು. “ಅವು ಹಾಂಗೇ ಹೊಲುದು ಕೊಡ್ತವು” ಹೇಳಿ ಅವರತ್ರೆ ಹೇಳುದು ನಿಂಗಳ ಹೆಸರಿಲಿಯೇ.

“ಈಗಾಣ ಕೂಸುಗೊಕ್ಕೆ ಗುಬ್ಬಿ ಹಾಕುಲೂ ಅರಡಿತ್ತಿಲ್ಲೆ” ಹೇಳಿ ಬೇಜಾರು ಮಾಡ್ತು ನಾವು. ಅವು ಸಣ್ಣಾಗಿಪ್ಪಗಳೇ ನೋಡಿದ್ದವು. ಅಬ್ಬೆ ಇರುಳು ಹತ್ತು ಗಂಟೆಗೆ ಬೆನ್ನು ಬೇನೆ ಹೇಳಿಗೊಂಡು ಹೆಮ್ಮಿಂಗು ಹಾಕುದು, ಮರುದಿನ ಬಂದವು ನೆಗೆ ಮಾಡಿಕ್ಕಿ ಕಟ್ಟಿಗೊಂಡು ಹೋಪದು. ಪೈಸೆಯೂ ಇಲ್ಲೆ, ಮರ್ಯಾದೆಯೂ ಇಲ್ಲೆ ಹೇಳಿ ಆದರೆ ಆ ಕೆಲಸವ ಅವು ಎಂತಗೆ ಕಲಿಯೆಕ್ಕು? ಹೊಲಿಗೆ ಒಳಿಯೆಕ್ಕು ಹೇಳಿ ಮನಸ್ಸಿದ್ದರೆ ಅವರ ಕಣ್ಣೆದುರು ಅಬ್ಬೆಯ ಕೈಗೆ ಪೈಸೆ ಕೊಡಿ.

ಚೌತಿ, ನವರಾತ್ರಿ ಬತ್ತಾ ಇದ್ದು. ಬಪ್ಪಗ ಅಳತೆಗೆ ಒಂದು ಸರಿಯಾಗಿ ಕೂಪ ರವಕೆ ತನ್ನಿ, ಹಬ್ಬಕ್ಕೆ ಎರಡು ದಿನ ಇಪ್ಪಗ ಅಲ್ಲ, ಎರಡು ವಾರ ಇಪ್ಪಗ ತನ್ನಿ. ಕೂದ ಕೂಡ್ಳೆ “ಎಷ್ಟಾವುತ್ತು?” ಹೇಳಿ ಕೇಳಿ. ಚಾಯ ಆನು ಧರ್ಮಕ್ಕೆ ಕೊಡ್ತೆ.