ಉತ್ಸವಕ್ಕೆ ರಾಣಿ, ಪಂಚಾಯಿತಿಗೆ ಬರಿಯ ಸಹಿ

ಪ್ರತಿ ಅಕ್ಟೋಬರ್ ತಿಂಗಳಲ್ಲಿ ಕಿತ್ತೂರು ಶೃಂಗಾರಗೊಳ್ಳುತ್ತದೆ. 1824ರ ಅಕ್ಟೋಬರ್ 23ರಂದು ಥ್ಯಾಕರೆಯ ಪಡೆಯನ್ನು ಸೋಲಿಸಿದ ರಾಣಿ ಚೆನ್ನಮ್ಮನ ಗುಣಗಾನ ವೇದಿಕೆಯಿಂದ ಮೊಳಗುತ್ತದೆ. ಸೆರೆಯಲ್ಲಿದ್ದೇ 1829ರಲ್ಲಿ ಆಕೆ ಕಣ್ಣು ಮುಚ್ಚಿದ ಬೈಲಹೊಂಗಲದಲ್ಲಿ ಸಮಾಧಿಗೆ ಮಾಲೆ ಬೀಳುತ್ತದೆ. ಅದೇ ತಾಲ್ಲೂಕಿನ ಬೆಳವಡಿಯಲ್ಲಿ ಮಲ್ಲಮ್ಮನ ಹೆಸರಿನ ಉತ್ಸವವೂ ಉಂಟು. ಹೀಗೆ ಮಾಲೆ ಹಾಕಿದ ಕೈಗಳೇ ಮರುದಿನ ಪಂಚಾಯಿತಿಯಲ್ಲಿ ಹೆಂಡತಿಯ ಕುರ್ಚಿಯನ್ನೆಳೆದು ಕುಳಿತುಕೊಂಡರೆ ಯಾರಿಗೂ ಅದು ವಿಚಿತ್ರವಾಗಿ ಕಾಣುವುದಿಲ್ಲ.

ಕಾನೂನಿನ ಕೊರತೆ ಇದಕ್ಕೆ ಕಾರಣವಲ್ಲ. 1983ರ ಕಾಯ್ದೆಯಡಿ 1987ರಲ್ಲಿ ಚುನಾವಣೆ ನಡೆದಾಗಲೇ ಕರ್ನಾಟಕದ ಮಂಡಲ ಪಂಚಾಯಿತಿಗಳಲ್ಲಿ ನೂರಕ್ಕೆ 25 ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ಸಂವಿಧಾನದ 73ನೆಯ ತಿದ್ದುಪಡಿ ಅದನ್ನು ಮೂರನೆಯ ಒಂದು ಭಾಗಕ್ಕೇರಿಸಿತು. 2010ರಲ್ಲಿ ರಾಜ್ಯವು ಅರ್ಧಕ್ಕೆ ಏರಿಸಿತು. ಸ್ಥಾನ ಬಂದಿತು, ಅಧಿಕಾರ ಬರಲಿಲ್ಲ. ವಾರ್ಡು ಮೀಸಲಾದ ಸುದ್ದಿ ತಿಳಿದ ಕೂಡಲೇ ಊರಿನ ಹಿರಿಯರು ಹುಡುಕುವುದು ಸಮರ್ಥ ಹೆಂಗಸನ್ನಲ್ಲ, ‘ನಮ್ಮವನ’ ಹೆಂಡತಿಯನ್ನು. ಗೆದ್ದವಳು ಠರಾವಿಗೆ ಸಹಿ ಮಾಡುತ್ತಾಳೆ. ಠರಾವಿನಲ್ಲಿ ಏನಿದೆಯೆಂಬುದು ಗಂಡನಿಗೆ ಗೊತ್ತು. ಇದು ಈ ನಾಲ್ಕು ತಾಲ್ಲೂಕುಗಳ ರೋಗ ಮಾತ್ರವಲ್ಲ. ಇದನ್ನು ತಡೆಯುವ ದಾರಿ ಹುಡುಕಲು ಕೇಂದ್ರ ಸರ್ಕಾರ 2023ರಲ್ಲಿ ಒಂದು ಸಮಿತಿಯನ್ನೇ ನೇಮಿಸಬೇಕಾಯಿತು.

ಗುಡ್ಡ, ಹಳ್ಳ, ಕೆರೆಗಳ ಬಗ್ಗೆ ಮಾತನಾಡುವವರಿಗೆ ಈ ಗೊಡವೆ ಏಕೆಂದು ಕೆಲವರು ಕೇಳಬಹುದು. ಕುಡಿಯುವ ನೀರು, ಕೆರೆ, ಗಾಯರಾಣ, ಊರ ಚರಂಡಿ ಇವುಗಳ ಮಾತು ಎದ್ದಾಗಲೆಲ್ಲ ಅದು ಪಂಚಾಯಿತಿಗೇ ಬಂದು ನಿಲ್ಲುತ್ತದೆ. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೆ ಹೋಗುತ್ತದೆ. ಸವದತ್ತಿಯ ಮಡ್ಡಿಯ ಊರುಗಳಲ್ಲಿ ಬೇಸಿಗೆ ಬಂದರೆ ಕೊಡ ಹೊರುವವಳು ಹೆಂಗಸೇ. 2019ರ ಆಗಸ್ಟ್‌ನಲ್ಲಿ ಅದೇ ಹೊಳೆ ಉಕ್ಕಿ ರಾಮದುರ್ಗ ತಾಲ್ಲೂಕಿನ ಹಳ್ಳಿಗಳಿಗೆ ನುಗ್ಗಿತು. ಒಲೆ, ಕಾಳು, ಕರುವನ್ನು ಎತ್ತಿಕೊಂಡು ಓಡಿದವಳಿಗೆ ಊರಿನ ತಗ್ಗು ಎಲ್ಲಿ, ದಿಬ್ಬ ಎಲ್ಲಿ ಎಂಬುದನ್ನು ನಕ್ಷೆ ತೋರಿಸಿ ಹೇಳಬೇಕಾಗಿಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆಯಡಿ ಕೆರೆಯ ಹೂಳನ್ನು ಬುಟ್ಟಿಯಲ್ಲಿ ಹೊತ್ತವರಲ್ಲಿಯೂ ಹೆಂಗಸರು ಕಡಿಮೆಯಿರಲಿಲ್ಲ. ಇಂಥವಳಿಗೆ ‘ಅನುಭವವಿಲ್ಲ’ ಎನ್ನುವ ಧೈರ್ಯ ಎಲ್ಲಿಂದ ಬರುತ್ತದೆ? (ಮೊದಲ ಬಾರಿ ಗೆದ್ದ ಗಂಡಸಿನ ಅನುಭವವನ್ನು ಯಾರೂ ವಿಚಾರಿಸಿದ್ದಿಲ್ಲ.)

ಜೀವವೈವಿಧ್ಯ ಕಾಯ್ದೆಯ 2004ರ ನಿಯಮಗಳು ಪ್ರತಿ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ನಾಮಕರಣದಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕೆಂದು ವಿಧಿಸಿದ್ದವು. ತಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ, ಅದು ಎಂದಾದರೂ ಸಭೆ ಸೇರಿದೆಯೇ ಎಂದು ಕಾಲೇಜು ವಿದ್ಯಾರ್ಥಿಗಳು ಒಮ್ಮೆ ಪಂಚಾಯಿತಿ ಕಛೇರಿಗೆ ಹೋಗಿ ಕೇಳಲಿ. ಉತ್ತರಕ್ಕಿಂತ ಉತ್ತರಿಸುವವರ ಮುಖವೇ ಹೆಚ್ಚು ಕಲಿಸೀತು.

ಹೆಂಗಸರು ಗ್ರಾಮಸಭೆಗೆ ಬರುವುದಿಲ್ಲವೆಂಬುದು ಇನ್ನೊಂದು ದೂರು. ಹತ್ತಿ ಬಿಡಿಸುವ, ಕಳೆ ತೆಗೆಯುವ ದಿನಗಳಲ್ಲಿ ಹಗಲು ಹನ್ನೊಂದಕ್ಕೆ ಸಭೆ ಕರೆದರೆ ಕೂಲಿ ಬಿಟ್ಟು ಯಾರು ಬರುತ್ತಾರೆ? ಬಂದವರನ್ನು ಹಿಂದೆ ಕೂರಿಸಿ, ಬಾಯಿ ತೆರೆದರೆ ‘ಸುಮ್ಮನಿರವ್ವ’ ಎಂದರೆ ಮರುಸಲ ಬರುವ ಮನಸ್ಸಾದರೂ ಹೇಗಾದೀತು? ಸಂಘಟನೆ ಹೆಂಗಸರಿಗೆ ಒಲಿಯದ ವಿದ್ಯೆಯಲ್ಲ. ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಎಲ್ಲರಿಂದಲೂ ದೂರ ತಳ್ಳಲ್ಪಟ್ಟವರೇ ಇದೇ ಬೆಳಗಾವಿ ಜಿಲ್ಲೆಯಲ್ಲಿ ತೊಂಬತ್ತರ ದಶಕದಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿ ನಿಲ್ಲಿಸಿದರು.

ಎಲ್ಲಕ್ಕಿಂತ ದೊಡ್ಡ ಮೋಸ ‘ಸಾಮಾನ್ಯ’ ಎಂಬ ಶಬ್ದದಲ್ಲಿ ಅಡಗಿದೆ. ಮೀಸಲು ವಾರ್ಡಿನಲ್ಲಿ ಗೆದ್ದು, ಐದು ವರ್ಷ ಕಾಗದಪತ್ರ ಓದಲು ಕಲಿತು, ಅಧಿಕಾರಿಯೆದುರು ದನಿಯೆತ್ತಲು ಕಲಿತ ಹೆಂಗಸನ್ನು, ಮುಂದಿನ ಸರತಿಯಲ್ಲಿ ವಾರ್ಡು ಸಾಮಾನ್ಯವಾದೊಡನೆ ‘ನಿನ್ನ ಪಾಳಿ ಮುಗಿಯಿತು’ ಎಂದು ಮನೆಗೆ ಕಳಿಸುತ್ತಾರೆ. ಸಾಮಾನ್ಯ ಸ್ಥಾನವೆಂದರೆ ಗಂಡಸರ ಮೀಸಲು ಎಂದು ಯಾವ ಕಾಯ್ದೆಯಲ್ಲಿ ಬರೆದಿದೆ? ಅಲ್ಲಿ ಯಾರು ಬೇಕಾದರೂ ನಿಲ್ಲಬಹುದು. ಬರುವ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಈ ನಾಲ್ಕು ತಾಲ್ಲೂಕುಗಳ ಮಹಿಳಾ ಸಂಘಗಳು ಮೊದಲು ನೋಡಬೇಕಾದದ್ದು ಸಾಮಾನ್ಯ ವಾರ್ಡುಗಳ ಪಟ್ಟಿಯನ್ನು. ನಾಮಪತ್ರವನ್ನು ತುಂಬಬೇಕಾದದ್ದು ಸ್ವಂತ ಕೈಯಿಂದ.